ಬೇಯಿಸಿದ ಕೆಸರು

ನದಿ ಕಡಲು ಸೇರುವಲ್ಲಿ ಬೊಮ್ಮಯ್ಯ ಗುರುಗಳ ಆಶ್ರಮ. ಹಿಂದೆ ಬದನೆ ತೋಟ, ಪಕ್ಕದಲ್ಲೇ ಉಪ್ಪುನೀರಿನ ಹೊಂಡ.

ಶಿಷ್ಯ ಸುಕ್ರು ಬದನೆಗೆ ಕೀಟನಾಶಕ ಹೊಡೆದ. ಉಳಿದದ್ದನ್ನು ಹೊಂಡಕ್ಕೆ ಸುರಿದು ಕ್ಯಾನು ತೊಳೆದ. ಬೆಳಿಗ್ಗೆ ಮೀನೆಲ್ಲ ಸತ್ತು ತೇಲುತ್ತಿದ್ದವು.

ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ಬದುಕುವ ಜಟ್ಟಕ್ಕ ಬಂದಳು.

"ಮಳೆ ಬಂದರೆ ಈ ಹೊಂಡ ಉಕ್ಕಿ ಹೊಳೆಗೇ ಬರುತ್ತದಲ್ಲೋ. ಬಳಚು ಸತ್ತರೆ ನಮ್ಮ ಮಕ್ಕಳು ಏನು ತಿನ್ನಬೇಕು? ನಿನ್ನ ಬದನೆಕಾಯಿಯಾ?"

ಸುಕ್ರು ಅತ್ತುಬಿಟ್ಟ. "ಗುರುಗಳೇ, ಅಂಗಡಿಯವನು ಔಷಧಿ ಅಂತಲೇ ಕೊಟ್ಟ."

"ಮಾರಿದವನು ಕೆಸರಿಗೆ ಇಳಿಯುವುದಿಲ್ಲ. ನಾವೇ ಇಳಿಯಬೇಕು," ಎಂದರು ಗುರುಗಳು. "ಕಡಲ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಕೆಲವು ವಿಷವನ್ನೇ ಉಣ್ಣುತ್ತವೆ. ಈ ವಿಷವನ್ನು ಉಣ್ಣುತ್ತವೋ ಇಲ್ಲವೋ, ನೋಡೋಣ. ಒಂದು ಬುಟ್ಟಿ ಕೆಸರು ತಾ."

ಮಡಕೆಗೆ ಹೊಂಡದ ನೀರು ತುಂಬಿ ಸುಕ್ರು ಕೆಸರು ಹಾಕಿದ. ಮೂರು ವಾರ ಕಳೆದು ಅದರಲ್ಲಿ ಸೀಗಡಿ ಮರಿ ಬಿಟ್ಟರು.

ಸತ್ತಿತು.

"ಕೆಸರನ್ನು ಏನು ಮಾಡಿದೆ?" ಎಂದರು ಗುರುಗಳು.

"ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಆಶ್ರಮದೊಳಗೆ ತರುವುದು ಹೇಗೆ? ಚೆನ್ನಾಗಿ ಬೇಯಿಸಿ ಶುದ್ಧ ಮಾಡಿದೆ."

"ಉಪ್ಪು ಖಾರ ಹಾಕಿದೆಯೇನೋ?" ಎಂದಳು ಜಟ್ಟಕ್ಕ.

ಗುರುಗಳು ನಗಲಿಲ್ಲ. "ಅದರೊಳಗೆ ಯಾರಿದ್ದರು?"

"ಯಾರೂ ಇರಲಿಲ್ಲ. ಬರೀ ಕೆಸರು."

"ಕ್ಯಾನು ತೊಳೆಯುವಾಗಲೂ ಯಾರೂ ಇರಲಿಲ್ಲ, ಅಲ್ಲವೇ?"

ಸುಕ್ರು ತಲೆ ತಗ್ಗಿಸಿದ. ಗುರುಗಳು ಅವನ ಬೆನ್ನು ಸವರಿದರು. ಪಂಚೆ ಎತ್ತಿ ಕಟ್ಟಿ ತಾವೇ ಕೆಸರಿಗೆ ಇಳಿದರು.

ಹಸಿ ಕೆಸರು ಹಾಕಿದ ಮಡಕೆಯಲ್ಲಿ, ಮತ್ತೆ ಮೂರು ವಾರದ ಮೇಲೆ, ಸೀಗಡಿ ಮರಿ ಬದುಕಿತು. ಜಟ್ಟಕ್ಕನ ಕೇರಿಯ ಹೆಂಗಸರೆಲ್ಲ ಬಂದರು. ಸುಕ್ರುವಿನ ಜೊತೆ ಬುಟ್ಟಿ ಬುಟ್ಟಿ ಕೆಸರು ಹೊತ್ತು ಹೊಂಡಕ್ಕೆ ಸುರಿದರು. ತಿಂಗಳೆರಡು ಕಾದರು. ಹೊಂಡದಲ್ಲೂ ಸೀಗಡಿ ಬದುಕಿತು.

ಆಮೇಲೆ ಮಳೆ ಬಂತು. ಹೊಂಡ ಉಕ್ಕಿತು.

ನಾಲ್ಕನೆಯ ದಿನ ಜಟ್ಟಕ್ಕ ಬುಟ್ಟಿ ತಂದು ಸುಕ್ರುವಿನ ಮುಂದಿಟ್ಟಳು. "ಮುಟ್ಟಿ ನೋಡೋ."

ಮುಟ್ಟಿದ. ಬಳಚು ಫಕ್ಕನೆ ಬಾಯಿ ಮುಚ್ಚಿಕೊಂಡಿತು. ಜೀವವಿತ್ತು.

ಸುಕ್ರು ಗೆಲುವಾದ. "ಗುರುಗಳೇ, ಇನ್ನು ಹೆದರಿಕೆಯಿಲ್ಲ. ಹೇಗೂ ವಿಷವನ್ನು ಕೆಸರು ತಿನ್ನುತ್ತದೆ. ಈ ಸಲವೂ ಬದನೆಗೆ ಹೊಡೆಯಲೇ?"

ಗುರುಗಳು ಹೊಂಡದ ತಳಕ್ಕೆ ಕೈಹಾಕಿದರು. ಒಂದು ಹಿಡಿ ಕೆಸರು ತೆಗೆದು ಅವನ ಅಂಗೈಯಲ್ಲಿಟ್ಟರು.

"ನನ್ನನ್ನೇಕೆ ಕೇಳುತ್ತೀ? ಇದರೊಳಗೆ ದುಡಿದವರನ್ನು ಕೇಳು."