ಒಂದಕ್ಷರ ಬಿಡದ ದ್ಯಾವ

ದ್ಯಾವ ಅಂತ ಒಬ್ಬ. ಹಾಲಮ್ಮನ ಮಗ. ಅಪ್ಪ ಇಲ್ಲ. ಸುದ್ದಿ ಒಯ್ಯೋಕೆ ಮನೇಲಿ ಗಂಡಾಳು ಅಂದ್ರೆ ಇವನೊಬ್ಬನೇ. ಇವನ ಬೆನ್ನಿಗೆ ತಂಗಿ, ಸಾಕಮ್ಮ. ಅವಳಿಗೊಂದು ಒಳ್ಳೆ ಮನೆ ಸಿಗಬೇಕು ಅನ್ನೋದೇ ಹಾಲಮ್ಮನ ಚಿಂತೆ.

“ದ್ಯಾವಾ, ಅತ್ತೆ ಮನೆ ಹಸ ಕರ ಹಾಕ್ತಾ, ಇಲ್ವಾ, ಕೇಳ್ಕಂಡು ಬಾ.”

ದ್ಯಾವ ಹೋದ. “ಅತ್ತೇ, ನಿನ್ನ ಹಸ ಕರ ಹಾಕ್ತು!” ಅಂದ. ಅತ್ತೆ ಚೆಂಬು ಹಿಡಿದು ಕೊಟ್ಟಿಗೆಗೆ ಓಡಿದಳು. ತುಂಬು ಗಬ್ಬದ ಹಸ ಬೆದರಿ ಒದ್ದಿತು. ಚೆಂಬು ಒಂದು ಕಡೆ, ಅತ್ತೆ ಒಂದು ಕಡೆ.

ದ್ಯಾವ ಎದೆ ಸೆಟೆಸಿ ಮನೆಗೆ ಬಂದ. “ಕರ ಹಾಕ್ತು ಅಂತ ಹೇಳ್ದೆ ಕಣವ್ವಾ! ಒಂದಕ್ಷರ ಬಿಡ್ಲಿಲ್ಲ!”

“ಅಯ್ಯೋ ಪೆದ್ದೇ! ಕಾಣದ್ದನ್ನ ಆಯ್ತು ಅಂತಾರೇನ್ಲಾ? ಆಯ್ತಾ ಇಲ್ವಾ ಅಂತ ಕೇಳ್ಬೇಕು!”

“ಆಗ್ಲಿ ಕಣವ್ವಾ.”

ಆಮೇಲೆ ಕೇರಿಯ ಮುದುಕ ತೀರಿಕೊಂಡ. ಅವನ ಮಗಳು ಇದ್ದದ್ದು ಪಕ್ಕದೂರಲ್ಲಿ. “ಓಡು, ಸುದ್ದಿ ಮುಟ್ಟಿಸು,” ಅಂದಳು ಅವ್ವ.

ದ್ಯಾವ ಓಡಿದ. “ಅಕ್ಕಾ, ನಿಮ್ಮಪ್ಪ ಸತ್ತನಾ ಇಲ್ವಾ?”

ಅಕ್ಕ ಒಲೆಯ ಕೊಳ್ಳಿ ಎಳಕೊಂಡು ಅಟ್ಟಿಸಿಕೊಂಡು ಬಂದಳು. ದ್ಯಾವ ಏದುತ್ತ ಬಂದ. ಎದೆ ಮಾತ್ರ ಸೆಟೆದೇ ಇತ್ತು. “ಸತ್ತನಾ ಇಲ್ವಾ ಅಂತ ಕೇಳ್ದೆ ಕಣವ್ವಾ! ಒಂದಕ್ಷರ ಬಿಡ್ಲಿಲ್ಲ!”

“ನಿನ್ನ ಬಾಯಿಗೆ ಮಣ್ಣು ಹಾಕ! ಸುದ್ದಿಗೆ ಅಂತ ಹೋದ್ರೆ ತಲೆ ತಗ್ಗಿಸಿ ಬಾಗಿಲಲ್ಲೇ ನಿಲ್ಲು. ನೀರು ಮುಟ್ಟಬೇಡ. ಆಗಿದ್ದು ಆಗೋಯ್ತು ಅನ್ನು. ಹೆಣ ಇನ್ನೂ ಮನೇಲಿದ್ರೆ, ಯಾವಾಗ ಎತ್ತಾದು ಅಂತ ಕೇಳು. ಬತ್ತೀನಿ ಅನ್ನದೆ ಬಾ!”

“ಆಗ್ಲಿ ಕಣವ್ವಾ.”

ಗಂಡಿನ ಕಡೆಯೋರು ಸಾಕಮ್ಮನ್ನ ನೋಡಿ ಹೋದರು. ಎಂಟು ದಿನ ಆಯ್ತು, ಮಾತಿಲ್ಲ. ಹಾಲಮ್ಮ ದ್ಯಾವನ್ನ ಕರೆದಳು. “ಒಪ್ಪಿದ್ರಾ ಇಲ್ವಾ, ಸುದ್ದಿ ತಾ ನನ್ನಪ್ಪಾ.”

ದ್ಯಾವ ಹೋದ. ತಲೆ ತಗ್ಗಿಸಿ ಬಾಗಿಲಲ್ಲೇ ನಿಂತ. ಪಾನಕ ಕೊಟ್ಟರು, ಮುಟ್ಟಲಿಲ್ಲ. “ಆಗಿದ್ದು ಆಗೋಯ್ತು. ಯಾವಾಗ ಎತ್ತಾದು?” ಅಂದ.

ಮನೆಯೋರು ಹೌಹಾರಿದರು. ಗಂಡಿನ ಅಜ್ಜಿ ಎದ್ದು ಬಂದಳು. “ಯಾರ್ಲಾ ಹಿಂಗೆ ಹೇಳ್ಕೊಟ್ಟೋರು?”

“ನಮ್ಮವ್ವ.”

“ಇನ್ನೇನಂದ್ಲು ನಿಮ್ಮವ್ವ?”

“ಗಂಡು ಕರಿಯ. ಹಲ್ಲು ಉಬ್ಬು. ಅಜ್ಜಿ ಮುಖ ನೋಡಿ ಕೊಡಬೋದು ಅಂದ್ಲು.”

ಅಜ್ಜಿ ಹೊಟ್ಟೆ ಹಿಡಕೊಂಡು ನಕ್ಕಳು. “ಸಂಬಂಧ ತಂದೋನು ನೂರು ಸುಳ್ಳು ಹೇಳ್ದ. ಇವನ ಬಾಯಲ್ಲಿ ಒಂದಿಲ್ಲ. ಈ ಮನೆ ಹೆಣ್ಣೇ ನಮಗೆ ಬೇಕು. ಒಪ್ಪಿದ್ರು ಅಂತ ಹೇಳೋಗು!”

ದ್ಯಾವ ಬತ್ತೀನಿ ಅನ್ನಲಿಲ್ಲ. ಬಂದ. ನಡೆದದ್ದೆಲ್ಲ ಕೇಳಿ ಅವ್ವ ಅತ್ತಳು, ನಕ್ಕಳು, ಬೆನ್ನಿಗೆ ಎರಡು ಗುದ್ದಿದಳು.

“ಬೀಗರ ಮನೆಯಿಂದ ಹಂಗೇ ಬರ್ತಾರೇನ್ಲಾ? ತಂಗಿ ಮನೆಗೆ ಯಾವತ್ತೇ ಹೋಗು, ಏಳೋವಾಗ ತಿರುಗಿ ನೋಡು. ಹೋಗ್ಬತ್ತೀನಿ ಅನ್ನು!”

“ಆಗ್ಲಿ ಕಣವ್ವಾ.”

ಆ ಕರಿಯ ಗಂಡು ನಾನೇ. ಮೂವತ್ತೊಂಬತ್ತು ವರ್ಷ ಸಾಕಮ್ಮ ನನ್ನ ಮನೆ ನಡೆಸಿದಳು. ಯಾರೂ ಬೆರಳು ತೋರಿಸೋ ಹಂಗಿರಲಿಲ್ಲ.

ಹೋದ ಶ್ರಾವಣದಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಜನ ಸದ್ದಿಲ್ಲದೆ ಏಳುತ್ತಿದ್ದರು. ಸಾವಿನ ಮನೇಲಿ ಬತ್ತೀನಿ ಅನ್ನಬಾರದಲ್ಲ. ದ್ಯಾವನೂ ಎದ್ದ. ತಲೆಯೆಲ್ಲ ಬೆಳ್ಳಗೆ. ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದ.

“ಹೋಗ್ಬತ್ತೀನಿ ಕಣವ್ವಾ ಸಾಕಮ್ಮಾ!”

“ಥೂ ಪೆದ್ದೇ, ಏನಂದ್ಯೋ!” ಅಂದರು ಜನ.

ದ್ಯಾವ ಎದೆ ಸೆಟೆಸಿದ. “ಅವ್ವ ಹೇಳಿದ್ದು. ಒಂದಕ್ಷರ ಬಿಡ್ಲಿಲ್ಲ.”

“ಬಾ ಭಾವ, ನಾಳೇನೇ ಬಾ,” ಅಂದೆ ನಾನು, ಎಲ್ಲರಿಗೂ ಕೇಳೋ ಹಂಗೆ.