ಸುಟ್ಟಮನೆ

ಮಾವಿನಗಟ್ಟೆ ಕೆರೆಯ ಮೂಡಣ ದಡದಲ್ಲಿ ಧರ್ಮಸಂಸ್ಥೆಯೊಂದು ದಿಕ್ಕಿಲ್ಲದ ಮಕ್ಕಳಿಗಾಗಿ ವರ್ಷವರ್ಷವೂ ಬೇಸಿಗೆ ಶಿಬಿರ ನಡೆಸುತ್ತದೆ. ಶಿಬಿರದ ಅಂಗಳದ ತುದಿಗೆ, ದಿಬ್ಬದ ಮೇಲೆ, ಎರಡಂಕಣದ ಕಲ್ಲುಮನೆಯೊಂದಿದೆ. ಒಳಗೆ ಎರಡು ವೀರಗಲ್ಲು, ತುಕ್ಕು ಹಿಡಿದ ಈಟಿ, ಬೀಸುವ ಕಲ್ಲು, ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ನಾಣ್ಯಗಳು. ಬಾಗಿಲ ಮೇಲೆ ‘ಇತಿಹಾಸ ವಸ್ತುಸಂಗ್ರಹಾಲಯ’ ಎಂಬ ಫಲಕವಿದ್ದರೂ ಸುತ್ತಲ ಊರಿನವರ ಬಾಯಲ್ಲಿ ಅದು ಸುಟ್ಟಮನೆಯೇ.

ಹಿಂದೆ ಒಮ್ಮೆ, ಮಾರಿಬೇನೆ ಬಂದು ಈ ಸೀಮೆಯ ಊರುಗಳು ಬರಿದಾದ ಕಾಲದಲ್ಲಿ, ಆ ಮನೆಯಲ್ಲಿ ಸಂಕವ್ವ ಎಂಬ ವಿಧವೆ ಇದ್ದಳು ಎನ್ನುತ್ತಾರೆ. ಹೆತ್ತವರನ್ನು ಕಳೆದುಕೊಂಡ ಆರೇಳು ಮಕ್ಕಳನ್ನು ಕರೆತಂದು ಸಾಕುತ್ತಿದ್ದಳು. ಮಾಗಿಯ ಒಂದು ದಿನ ಮಕ್ಕಳು ಅಂಬಿಗ ಗೂಳಪ್ಪನ ಹರಿಗೋಲಿನಲ್ಲಿ ಆಚೆ ದಡಕ್ಕೆ ಅವರೆಕಾಯಿ ಬಿಡಿಸಲು ಹೋದರು. ಅವರು ಹಿಂದಿರುಗುವ ಹೊತ್ತಿಗೆ ಕೆರೆಯ ಮೇಲೆ ಮಂಜು ಕವಿಯಿತು. ಚಾಚಿದ ಕೈ ಕಾಣದಂಥ ಮಂಜು. ಆ ವರ್ಷ ಕೆರೆ ತುಂಬಿ, ತೆಂಕಣ ಮೂಲೆಯ ಕೋಡಿಯಲ್ಲಿ ನೀರು ಭೋರೆಂದು ಹಳ್ಳಕ್ಕೆ ಧುಮುಕುತ್ತಿತ್ತು. ಆ ಸೆಳೆತಕ್ಕೆ ಸಿಕ್ಕ ಹರಿಗೋಲು ಉಳಿದದ್ದಿಲ್ಲ. ಸಂಕವ್ವನ ಗಂಡ ಹೋದದ್ದೂ ಅಲ್ಲಿಯೇ.

ಅವಳು ನೀರಂಚಿಗೆ ಓಡಿ ಕೂಗಿದಳು. ಮಂಜಿನೊಳಗಿಂದ ಮಕ್ಕಳು, “ಎಲ್ಲದೀ ಯವ್ವಾ?” ಎಂದರು.

“ಇಲ್ಲೇ ಅದೀನಿ. ನನ್ನ ದನಿ ಹಿಡಕೊಂಡು ಬರ್ರಿ.”

ಕೂಗಿದಳು, ಮತ್ತೆ ಕೂಗಿದಳು. ಆದರೆ ಪ್ರತಿ ಸಲವೂ ಮಕ್ಕಳ ಓಗೊಡುವಿಕೆ ದೂರವಾಗುತ್ತ ಹೋಯಿತು. ಕೊನೆಗೆ ಅದು ಕೋಡಿಯ ಮೊರೆತದ ಕಡೆಯಿಂದಲೇ ಕೇಳಿದಾಗ ಅವಳು ಇನ್ನೊಮ್ಮೆ ಕೂಗಿ, ಉಸಿರು ಬಿಗಿಹಿಡಿದು ಆಲಿಸಿದಳು. ತಾನು ಕೂಗಿದ್ದು ಕೋಡಿಯ ಪಕ್ಕದ ಬಂಡೆಗೆ ಬಡಿದು ಅಲ್ಲಿಂದ ಮಾರ್ದನಿಸುತ್ತಿತ್ತು. ಮಕ್ಕಳು ಅದನ್ನೇ ತಾಯಿಯ ದನಿಯೆಂದು ನಂಬಿ ಅತ್ತ ಸಾಗುತ್ತಿದ್ದರು. ಸಾವಿನ ಬಾಯಿಗೆ ಅವರನ್ನು ಕರೆಯುತ್ತಿದ್ದವಳು ತಾನೇ.

ಸಂಕವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಯವ್ವಾ, ಯಾಕ ಸುಮ್ಮನಾದಿ? ಹೆದರಿಕಿ ಆಗತೈತಿ,” ಎಂದು ಕಿರಿಯವಳು ಅಳುವುದು ಕೇಳಿಸಿತು. ಒಂದು ಮಾತು ಬಾಯಿಂದ ಬಿದ್ದರೂ ಮಕ್ಕಳು ಬಂಡೆಯತ್ತ ತಿರುಗುತ್ತಾರೆ. ಓಗೊಡದೆ, ಅಳುತ್ತಲೇ ದಿಬ್ಬವೇರಿ, ಒಲೆಯ ಕೊಳ್ಳಿ ತೆಗೆದು ಮನೆಯ ಹುಲ್ಲುಚಾವಣಿಗೆ ಹಿಡಿದಳು. ಉರಿ ಮೇಲೆದ್ದಿತು. ಮಂಜು ಒಂದು ಕಡೆ ಕೆಂಪಾದದ್ದನ್ನು ಕಂಡ ಗೂಳಪ್ಪ ಹುಟ್ಟು ತಿರುಗಿಸಿದ. ಅಂಗೈ ಕಿತ್ತು ನೆತ್ತರು ಬರುವತನಕ ಸೆಳೆತದ ಎದುರು ಹುಟ್ಟು ಹಾಕಿದ. ಹರಿಗೋಲು ದಡ ಮುಟ್ಟಿದಾಗ ಸಂಕವ್ವ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಒಬ್ಬೊಬ್ಬರನ್ನೇ ಎತ್ತಿ, ಮುಖ ಸವರಿ ನೋಡಿ ಇಳಿಸಿದಳು. ಎಲ್ಲರೂ ಇದ್ದರು. ಕಿರಿಯವಳು ಮಾತ್ರ ಅಂದೆಲ್ಲ ಅವಳ ಮುಖ ನೋಡಲಿಲ್ಲವಂತೆ.

ಮುಂದೆ ಊರವರು ಅದೇ ಗೋಡೆಗಳ ಮೇಲೆ ಹೊಸ ಚಾವಣಿ ಹೊದಿಸಿಕೊಟ್ಟರು. ಸಂಕವ್ವ ಬದುಕಿರುವ ತನಕ ಮಕ್ಕಳನ್ನು ದೂರದಿಂದ ಕೂಗಲಿಲ್ಲ ಎನ್ನುತ್ತಾರೆ. ಇಂದಿಗೂ ಸಂಜೆ ಶಿಬಿರ ನೋಡಲು ಹೋದವರಿಗೆ ಅಲ್ಲಿ ಗಂಟೆಯಾಗಲಿ ಸೀಟಿಯಾಗಲಿ ಕೇಳಿಸುವುದಿಲ್ಲ. ನೋಡಿಕೊಳ್ಳುವ ಹೆಂಗಸರು ನೀರಂಚಿನವರೆಗೆ ನಡೆದುಹೋಗಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಕರೆತರುತ್ತಾರೆ.