ಮೊದಲ ಲೋಟ

ಹೊಳೆದಂಡೆಯ ಆ ಆಶ್ರಮಕ್ಕೂ ಒಂದು ಕಚೇರಿ ಇತ್ತು. ಔಷಧಿ ಕೇಳಿ ಬರುವ ಪತ್ರಗಳಿಗೆ ಅಲ್ಲಿ ಹನ್ನೊಂದು ಮಂದಿ ಉತ್ತರ ಬರೆಯುತ್ತಿದ್ದರು. ಸಂಸಾರ ಬಿಟ್ಟವರೂ ಕಾಫಿ ಬಿಡುವುದಿಲ್ಲ ಎನ್ನುವುದಕ್ಕೆ ಆ ಹನ್ನೊಂದು ಮಂದಿಯೇ ಸಾಕ್ಷಿ.

ಅಲ್ಲೊಂದು ಪದ್ಧತಿ. ಆ ದಿನ ಕಾಫಿ ಪಾತ್ರೆ ತೊಳೆದವರಿಗೇ ಮೊದಲ ಲೋಟ. ಗುರುಗಳಿಗೂ ಆಮೇಲೆಯೇ.

ಇಪ್ಪತ್ತು ವರ್ಷದಿಂದ ಆ ಲೋಟ ಕಚೇರಿಯ ಕೆಲಸದ ನೀಲಮ್ಮನದು. ಫಿಲ್ಟರ್ ತೊಳೆದು, ಕಾಫಿ ಬೆರೆಸಿ, ಎಲ್ಲರ ಮುಂದೆ ಕತ್ತೆತ್ತಿ ನಿಂತು ಕುಡಿಯುತ್ತಿದ್ದಳು. ಅವಳಿಗೆ ಸಿಕ್ಕ ಮರ್ಯಾದೆ ಅದೊಂದೇ. ಅದನ್ನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

ಭಕ್ತರೊಬ್ಬರು ಕಚೇರಿಗೆ ಒಳ್ಳೆಯ ಎಸ್ಪ್ರೆಸೊ ಕಾಫಿ ಯಂತ್ರ ಕೊಡಿಸುತ್ತೇನೆಂದರು. ಗುರುಗಳು ಶಿಷ್ಯ ಚನ್ನಮಲ್ಲನನ್ನು ಕರೆದರು.

"ನೀನೇ ಆರಿಸಿ ತಾ."

ಚನ್ನಮಲ್ಲನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಟು ದಿನ ಪೇಟೆ ಸುತ್ತಿ, ಕನ್ನಡಿಯಂತೆ ಹೊಳೆಯುವ ಒಂದು ಯಂತ್ರ ತಂದು ಕಚೇರಿಯಲ್ಲಿ ಇಟ್ಟ.

"ಇದಕ್ಕಿಂತ ಮೇಲಿನದು ಪೇಟೆಯಲ್ಲೇ ಇಲ್ಲ ಗುರುಗಳೇ. ಬೀಜ ಅದೇ ಪುಡಿ ಮಾಡುತ್ತೆ. ಹಾಲು ಅದೇ ನೊರೆ ಬರಿಸುತ್ತೆ. ಗುಂಡಿ ಒತ್ತಿದರೆ ಸಾಕು."

"ತೊಳೆಯೋದು?"

"ತನ್ನನ್ನ ತಾನೇ ತೊಳ್ಕೊಳ್ಳುತ್ತೆ!"

"ಭೇಷ್," ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಹನ್ನೊಂದು ಮಂದಿಯೂ ಲೋಟ ಹಿಡಿದು ನಿಂತರು. ಚನ್ನಮಲ್ಲ ಗುಂಡಿ ಒತ್ತಿದ. ಘಮ್ಮೆನ್ನುವ ಕಾಫಿ ಇಳಿಯಿತು. ಗುರುಗಳು ಆ ಲೋಟ ತೆಗೆದುಕೊಂಡು ಯಂತ್ರದ ಮುಂದೆಯೇ ಇಟ್ಟು, ಕೈಕಟ್ಟಿ ನಿಂತರು.

"ಗುರುಗಳೇ, ಇದೇನು?" ಎಂದ ಚನ್ನಮಲ್ಲ.

"ತೊಳೆದದ್ದು ಅದು ತಾನೇ? ಮೊದಲು ಅದು ಕುಡಿಯಲಿ."

ಯಾರೂ ನಗಲಿಲ್ಲ. ಕಾಫಿ ತಣ್ಣಗಾಯಿತು, ಮೇಲೆ ಕೆನೆ ಕಟ್ಟಿತು. ನೀಲಮ್ಮ ಬಾಗಿಲ ಬಳಿ ನಿಂತು, ಒದ್ದೆಯೇ ಆಗದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಚನ್ನಮಲ್ಲ ಅದನ್ನು ಕಂಡ. ನಾಚಿಕೆಯಿಂದ ಅವನ ಮುಖ ಕೆಂಪಾಯಿತು.

"ನೀಲಮ್ಮಕ್ಕಾ, ನನ್ನ ಜೊತೆ ಅಂಗಡಿಗೆ ಬರ್ತೀರಾ?"

"ನನಗೇನು ತಿಳಿಯುತ್ತಪ್ಪಾ, ಮಿಷಿನ್ ವಿಷಯ?"

"ತೊಳೆಯೋದು ತಿಳಿಯುತ್ತಲ್ಲ."

ಇಬ್ಬರೂ ಹೋಗಿ ಆ ಯಂತ್ರ ಹಿಂದಿರುಗಿಸಿದರು. ಬೇರೆಯವನ್ನು ತೋರಿಸುತ್ತ ಅಂಗಡಿಯವನು ಒತ್ತಡ, ಉಷ್ಣತೆ ಎಂದು ಹೇಳುತ್ತಲೇ ಇದ್ದ. ನೀಲಮ್ಮ ಒಂದೊಂದನ್ನೂ ಬಿಚ್ಚಿಸಿದಳು. ಹಾಲಿನ ಕೊಳವೆಗೆ ಕಿರುಬೆರಳು ಹಾಕಿ ನೋಡಿ ಮೂಸಿದಳು.

"ಇಲ್ಲಿಗೆ ಕೈ ಹೋಗಲ್ಲ. ಮೂರನೇ ದಿನಕ್ಕೆ ಹುಳಿ ನಾತ. ಬೇಡ."

"ಅಮ್ಮಾ, ಇದು ವಿದೇಶದ್ದು," ಎಂದ ಅಂಗಡಿಯವನು.

"ಹಾಲು ನಮ್ಮೂರಿನದೇ ಅಲ್ವೇನಪ್ಪ?"

ಐದನೆಯದು ಮಿಂಚುತ್ತಿರಲಿಲ್ಲ. ಆದರೆ ಗಟ್ಟಿಮುಟ್ಟಾಗಿತ್ತು. ಅದರ ಬಟ್ಟಲು, ಜಾಲರಿ, ಕೊಳವೆ ಎಲ್ಲವೂ ಕೈಯಲ್ಲೇ ಬಿಚ್ಚಿಬಂದವು. ಅದರಲ್ಲಿ ಇಳಿಸಿದ ಕಾಫಿಯನ್ನು ಚನ್ನಮಲ್ಲ ಕುಡಿದು ನೋಡಿದ. ಮೊದಲು ಪೇಟೆ ಸುತ್ತಿದ ಎಂಟು ದಿನದಲ್ಲಿ ಅಷ್ಟು ರುಚಿ ಅವನಿಗೆ ಎಲ್ಲೂ ಸಿಕ್ಕಿರಲಿಲ್ಲ.

ಅದನ್ನು ತಂದ ಮೇಲೆ ಕೈ ಪಳಗಲು ನೀಲಮ್ಮನಿಗೆ ಒಂದು ವಾರ ಬೇಕಾಯಿತು. ಒಮ್ಮೆ ಕಹಿ, ಒಮ್ಮೆ ನೀರು. ಎಂಟನೆಯ ಬೆಳಿಗ್ಗೆ ಅವಳು ಯಂತ್ರವನ್ನು ತೊಳೆದು, ಒರೆಸಿ, ಪುಡಿ ತುಂಬಿ ಹಿಡಿ ತಿರುಗಿಸಿದಳು. ಜೇನಿನ ಬಣ್ಣದ ನೊರೆ ಹೊತ್ತು ಕಾಫಿ ಇಳಿಯಿತು.

ನೀಲಮ್ಮ ಮೊದಲ ಲೋಟ ಎತ್ತಿಕೊಂಡಳು. ಹನ್ನೊಂದು ಮಂದಿಯ ಮುಂದೆ ಕತ್ತೆತ್ತಿ ನಿಂತು, ನಿಧಾನವಾಗಿ ಕುಡಿಯತೊಡಗಿದಳು.

ಚನ್ನಮಲ್ಲನಿಗೆ ಹೆಮ್ಮೆಯಿಂದ ಎದೆ ತುಂಬಿತು. ಸಾಲಿನಲ್ಲಿ ನಿಂತಿದ್ದ ಗುರುಗಳ ಬಳಿ ಓಡಿದ.

"ಗುರುಗಳೇ, ಈ ಸಲ ಸರಿಯಾಗಿ ಆರಿಸಿದೆನಾ?"

ಗುರುಗಳು ತಮ್ಮ ಖಾಲಿ ಲೋಟವನ್ನು ಅವನಿಗೆ ತೋರಿಸಿದರು.

"ನನ್ನ ಸರದಿ ಇನ್ನೂ ಬಂದಿಲ್ಲಪ್ಪ. ಮೊದಲು ಕುಡಿದವರನ್ನ ಕೇಳು."